ಕತ್ತರಿ ನಿಮ್ಮ ಕೈಯಲ್ಲಿ, ನಾಲಿಗೆ ಯಾರ ಬಾಯಲ್ಲಿ?

ಕನ್ನಡದ ಯುವಕ ಯುವತಿಯರೇ,

೧೯೮೨ನೆಯ ಇಸವಿ ಎಂದರೆ ಏನೆಂದು ನಿಮ್ಮ ಅಪ್ಪನನ್ನೋ ತಾತನನ್ನೋ ಕೇಳಿ ನೋಡಿ. ಅವರ ಕಣ್ಣು ಅರಳುತ್ತದೆ. ಗೋಕಾಕ್ ವರದಿ ಜಾರಿಯಾಗಲಿ ಎಂದು ಇಡೀ ಕರ್ನಾಟಕ ಬೀದಿಗಿಳಿದ ವರ್ಷ ಅದು. ಡಾ. ರಾಜ್‌ಕುಮಾರ್ ಚಳವಳಿಗೆ ಧುಮುಕಿ ಊರೂರು ತಿರುಗಿದ ವರ್ಷ. ಗುಂಡೂರಾಯರ ಸರ್ಕಾರ ನಡುಗಿದ ವರ್ಷ. ಕನ್ನಡನಾಡಿನ ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಮಣೆ ಬೇಕು ಎಂಬ ಒಂದೇ ಒಂದು ಮಾತಿಗೆ ಜನ ಲಾಠಿ ಏಟು ತಿಂದ ವರ್ಷ.

ಅದೇ ೧೯೮೨ರಲ್ಲಿ, ದೂರದ ಅಮೆರಿಕದಲ್ಲಿ, ಜಿಮ್ ಕಪೋಸ್ಟಾಸ್ ಎಂಬ ಯುವಕ ಎರಡು ವಿಸಿಆರ್‌ಗಳನ್ನು ಜೋಡಿಸಿಕೊಂಡು ಕುಳಿತ. ‘ಸ್ಟಾರ್ ಬ್ಲೇಜರ್ಸ್’ ಎಂಬ ಜಪಾನಿ ಕಾರ್ಟೂನಿನಿಂದ ಯುದ್ಧದ ದೃಶ್ಯಗಳನ್ನು ಆರಿಸಿ, ಬೀಟಲ್ಸ್ ತಂಡದ ‘ಆಲ್ ಯೂ ನೀಡ್ ಈಸ್ ಲವ್’ ಹಾಡಿನ ಮೇಲೆ ಕೂರಿಸಿದ. ಕಣ್ಣಿಗೆ ಬಾಂಬು, ಕಿವಿಗೆ ಪ್ರೀತಿ! ನೋಡಿದವರು ಬಿದ್ದು ಬಿದ್ದು ನಕ್ಕರು. ಮೊಟ್ಟಮೊದಲ ಅನಿಮೆ ಮ್ಯೂಸಿಕ್ ವಿಡಿಯೋ ಅದೇ ಎಂದು ಆ ಲೋಕದವರು ಇಂದಿಗೂ ಹೇಳುತ್ತಾರೆ. ನೀವು ರಾತ್ರಿ ಎರಡು ಗಂಟೆಯ ತನಕ ಕಣ್ಣು ಕೆಂಪು ಮಾಡಿಕೊಂಡು ಮೊಬೈಲಿನಲ್ಲಿ ಮಾಡುವ ‘ಎಡಿಟ್’ ಇದೆಯಲ್ಲ, ಅದರ ಮೂಲಪುರುಷ ಅವನು.

ಗೋಕಾಕಿಗೂ ಕಾರ್ಟೂನಿಗೂ ಎಲ್ಲಿಯ ಸಂಬಂಧ ಎಂದು ಮೂಗು ಮುರಿಯಬೇಡಿ. ಸಂಬಂಧ ಇದೆ. ಅಂದು ನಾವು ಕೇಳಿದ್ದು, ಕನ್ನಡದ ಮಗು ಯಾವ ಭಾಷೆಯಲ್ಲಿ ಓದಬೇಕು ಎಂದು. ಇಂದು ಕೇಳಬೇಕಾಗಿರುವುದು, ಕನ್ನಡದ ಮಗು ಯಾವ ಭಾಷೆಯಲ್ಲಿ ಆಡಬೇಕು ಎಂದು! ಪಾಠ ಕನ್ನಡದಲ್ಲಿ, ಆಟ ಪರಭಾಷೆಯಲ್ಲಿ ಎಂದಾದರೆ ಹತ್ತು ವರ್ಷದಲ್ಲಿ ಪಾಠವೂ ಹೋಗುತ್ತದೆ. ಮಗು ಮನಸ್ಸು ಕೊಡುವುದು ಆಟಕ್ಕೆ, ಪರೀಕ್ಷೆಗಲ್ಲ.

ನೀವು ಮಾಡುತ್ತಿರುವುದೇನು?

ನೇರವಾಗಿ ಕೇಳುತ್ತೇವೆ, ನೇರವಾಗಿ ಉತ್ತರ ಕೊಡಿ. ನೀವು ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಹುಬ್ಬಳ್ಳಿಯಲ್ಲಿ ಇದ್ದೀರಿ. ನಿಮಗೆ ಎಡಿಟಿಂಗ್ ಗೊತ್ತು. ಗೆಳೆಯನೊಬ್ಬ ತನ್ನ ವಿಡಿಯೋ ಕಳಿಸಿ ‘ಹೇಗಿದೆ?’ ಎಂದು ಕೇಳುತ್ತಾನೆ. ಅವನೂ ಕನ್ನಡಿಗ, ನೀವೂ ಕನ್ನಡಿಗರು. ಕಾಫಿ ಕುಡಿಯುವಾಗ ಇಬ್ಬರೂ ಮಾತಾಡುವುದು ಕನ್ನಡ. ಆದರೆ ವಿಡಿಯೋ ಬಗ್ಗೆ ಬಾಯಿ ತೆರೆದ ಕೂಡಲೇ ಇಂಗ್ಲಿಷ್! ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ ಇಂಗ್ಲಿಷ್. ವಿಡಿಯೋ ಮೇಲಿನ ಹೆಸರು ಇಂಗ್ಲಿಷ್. ಕೊನೆಯಲ್ಲಿ ಬರುವ ಕೃತಜ್ಞತೆ ಇಂಗ್ಲಿಷ್. ಹಾಡು ಹಿಂದಿ, ತೆಲುಗು, ಕೊರಿಯನ್. ಅಲ್ಲ ಸ್ವಾಮಿ, ಆ ವಿಡಿಯೋದಲ್ಲಿ ಕನ್ನಡಿಗನ ಗುರುತು ಎಂದರೆ ನಿಮ್ಮ ಹೆಬ್ಬೆರಳ ಗುರುತು ಒಂದೇ ಏನು?

ತಪ್ಪಿ ಕನ್ನಡದಲ್ಲಿ ಏನಾದರೂ ಹೇಳಿದರೆ ಅದು ಎರಡೇ ಮಾತು. ‘ಬೆಂಕಿ ಗುರು!’ ‘ಸೂಪರ್ ಮಗಾ!’ ಹೊಗಳಲು ಕನ್ನಡ, ಕಲಿಸಲು ಇಂಗ್ಲಿಷ್. ಅಂದರೆ ನಿಮ್ಮ ಲೆಕ್ಕದಲ್ಲಿ ಕನ್ನಡ ಚಪ್ಪಾಳೆಯ ಭಾಷೆ, ತಿಳಿವಳಿಕೆಯ ಭಾಷೆ ಅಲ್ಲ. ಇದಕ್ಕಿಂತ ದೊಡ್ಡ ಅವಮಾನವನ್ನು ಕನ್ನಡಕ್ಕೆ ಯಾವ ಪರಭಾಷಿಕನೂ ಮಾಡಿಲ್ಲ!

ಜವಳಗೇರಾ ಎಂಬ ಊರಿದೆ

ಸಿಂಧನೂರಿನಿಂದ ರಾಯಚೂರಿನ ಕಡೆ ಹೋಗುವ ರಸ್ತೆಯಲ್ಲಿ ಜವಳಗೇರಾ ಎಂಬ ಊರಿದೆ. ರಾಷ್ಟ್ರೀಯ ಬೀಜ ನಿಗಮದ ದೊಡ್ಡ ಫಾರಂ ಇರುವ ಊರು. ಸುತ್ತ ಎಲ್ಲಿ ನೋಡಿದರೂ ಭತ್ತ. ಮುನಿರಾಬಾದಿನ ಅಣೆಕಟ್ಟಿನಿಂದ ಹೊರಟ ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿ ಬದುಕುವ ಸೀಮೆ. ಆ ನೀರು ಬಂದ ಮೇಲೆ ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು, ಅಲ್ಲಿ ತೆಲುಗು. ಸಿಂಧನೂರು ತಾಲ್ಲೂಕಿನಲ್ಲೇ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದವರ ಪುನರ್ವಸತಿ ಕ್ಯಾಂಪುಗಳಿವೆ, ಅಲ್ಲಿ ಬಂಗಾಳಿ. ೧೯೪೮ರ ತನಕ ನಿಜಾಮನ ಆಳ್ವಿಕೆ, ೧೯೫೬ರ ತನಕ ಹೈದರಾಬಾದ್ ರಾಜ್ಯ. ಹಾಗಾಗಿ ಉರ್ದುವೂ ಇದೆ. ಇಷ್ಟೆಲ್ಲದರ ನಡುವೆ, ಸರ್ಕಾರದ ಕೃಪೆಯಿಂದಲ್ಲ, ತನ್ನ ಗಟ್ಟಿತನದಿಂದ ಉಳಿದು ಬಂದ ಕನ್ನಡ ಅಲ್ಲಿಯದು.

ಆ ಸೀಮೆಯ ರೈತನನ್ನು ಕಾಲುವೆಯ ಬಗ್ಗೆ ಕೇಳಿ. ಮೇಲ್ಭಾಗದವರು ನೀರು ಹಿಡಿದುಕೊಂಡರೆ ಕೆಳಭಾಗದವರ ಗದ್ದೆಗೆ ಬಿರುಕು. ಮಾನ್ವಿ, ಸಿರವಾರ, ರಾಯಚೂರಿನ ಕೊನೆಭಾಗದ ರೈತರು ನೀರಿಗಾಗಿ ರಸ್ತೆ ತಡೆದ ಸುದ್ದಿಯನ್ನು ನೀವೂ ಪತ್ರಿಕೆಯಲ್ಲಿ ಓದಿದ್ದೀರಿ. ಅಣೆಕಟ್ಟು ತುಂಬಿದ್ದರೇನು, ಕೊನೆಯ ತೂಬಿಗೆ ನೀರು ಬರಬೇಕಲ್ಲ?

ವಿದ್ಯೆಯ ಕತೆಯೂ ಇದೇ. ಜವಳಗೇರಾದಂಥ ಊರಿನ ಹುಡುಗನ ಕೈಯಲ್ಲೂ ಇಂದು ಮೊಬೈಲ್ ಇದೆ. ಅವನೂ ‘ನರುಟೊ’ ನೋಡುತ್ತಾನೆ. ಅವನ ತಂಗಿ ‘ಡೋರೆಮಾನ್’ ನೋಡುತ್ತಾಳೆ. ಅವನಿಗೂ ಹಾಡು ಹಾಕಿ, ದೃಶ್ಯ ಕತ್ತರಿಸಿ ತನ್ನದೊಂದು ವಿಡಿಯೋ ಮಾಡುವ ಆಸೆ ಇದೆ. ಮಾಡುತ್ತಾನೆ ಕೂಡ. ಆದರೆ ಹಾಡಿನ ಪೆಟ್ಟಿಗೂ ಚಿತ್ರಕ್ಕೂ ಯಾಕೆ ತಾಳೆಯಾಗುತ್ತಿಲ್ಲ ಎಂದು ಅವನಿಗೆ ಹೇಳುವವರು ಯಾರು? ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ. ನಿಮ್ಮ ಇಂಗ್ಲಿಷ್ ಸಲಹೆ ಅವನ ಪಾಲಿಗೆ ಮೇಲ್ಭಾಗದಲ್ಲೇ ನಿಂತ ನೀರು! ಅವನು ಹಿಂದಿಯಲ್ಲಿ ಹೇಳಿಕೊಡುವವರನ್ನು ಹುಡುಕಿಕೊಂಡು ಹೋಗುತ್ತಾನೆ. ನಾಳೆ ಅವನ ಹಾಡೂ ಹಿಂದಿ, ಹೆಸರೂ ಹಿಂದಿ. ತೂಬು ಮುಚ್ಚಿದವರು ಯಾರು? ದಿಲ್ಲಿಯವರಲ್ಲ. ನೀವು!

ಕಿಷ್ಕಿಂಧೆ ನಮ್ಮದು, ಮಾತು ಅವರದು

ಹುಡುಗ ಹಿಂದಿಗೆ ಹೋದದ್ದು ಸುಮ್ಮನೆ ಅಲ್ಲ. ಅವನಿಗೆ ಅನಿಮೆ ಸಿಕ್ಕಿದ್ದೇ ಹಿಂದಿಯಲ್ಲಿ, ತೆಲುಗಿನಲ್ಲಿ. ಯಾಕೆ? ಇತಿಹಾಸ ಗೊತ್ತಿರಬೇಕು, ಗೊತ್ತಿಲ್ಲದಿದ್ದರೆ ತಿಳಿದುಕೊಳ್ಳಿ.

೧೯೬೦ರ ದಶಕದಲ್ಲಿ ಕನ್ನಡ ಚಿತ್ರರಂಗ ಎಳೆಯ ಸಸಿ. ಡಬ್ಬಿಂಗ್ ಚಿತ್ರಗಳು ಮಹಾಪೂರದಂತೆ ಬರುತ್ತಿದ್ದವು. ಅ.ನ.ಕೃ., ಮ. ರಾಮಮೂರ್ತಿಯವರಂಥ ಮಹನೀಯರು ಎದ್ದು ನಿಂತು ಡಬ್ಬಿಂಗ್ ವಿರುದ್ಧ ಹೋರಾಡಿದರು. ಸಸಿಗೆ ಬೇಲಿ ಕಟ್ಟಿದರು. ಆ ಹೋರಾಟಕ್ಕೆ ನಮ್ಮ ನಮಸ್ಕಾರ. ಆದರೆ ಸಸಿ ಮರವಾದ ಮೇಲೂ ಬೇಲಿ ಹಾಗೇ ಉಳಿಯಿತು. ಮರದ ನೆರಳಿನಲ್ಲಿ ಆಡಬೇಕಾದ ಮಕ್ಕಳು ಬೇಲಿಯ ಹೊರಗೆ ಉಳಿದರು! ೨೦೦೯ರಲ್ಲಿ ಚಿಂಟು ಟಿವಿ ಬಂದ ಮೇಲೆ ಪುಟ್ಟ ಮಕ್ಕಳಿಗೆ ಒಂದಿಷ್ಟು ಕಾರ್ಟೂನು ಕನ್ನಡದಲ್ಲಿ ಸಿಕ್ಕಿತು. ಆದರೆ ೨೦೧೨ರಲ್ಲಿ ‘ಸತ್ಯಮೇವ ಜಯತೆ’ ತಮಿಳು, ತೆಲುಗು, ಮಲಯಾಳಂ ಮಾತಾಡಿದಾಗ ನಮ್ಮ ಟಿವಿಯಲ್ಲಿ ಕನ್ನಡ ಮಾತಾಡಲಿಲ್ಲ.

ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟಿತು. ೨೦೧೫ರ ಜುಲೈ ೨೭ರಂದು ಭಾರತೀಯ ಸ್ಪರ್ಧಾ ಆಯೋಗ ತೀರ್ಪು ಹೇಳಿತು: ಡಬ್ಬಿಂಗ್ ತಡೆಯುವುದು ಕಾನೂನಿಗೆ ವಿರುದ್ಧ. ವಾಣಿಜ್ಯ ಮಂಡಳಿಗೆ ದಂಡವೂ ಬಿತ್ತು. ೨೦೧೭ರಲ್ಲಿ ‘ಸತ್ಯದೇವ್ ಐಪಿಎಸ್’ ಕನ್ನಡದಲ್ಲಿ ಬಂತು. ೨೦೨೨ರಲ್ಲಿ ‘ಆರ್‌ಆರ್‌ಆರ್’ ಬಂತು. ೨೦೨೩ರಲ್ಲಿ ಬಂದ ‘ಸ್ಪೈಡರ್ ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್’ ಎಂಬ ಆನಿಮೇಷನ್ ಚಿತ್ರ ಭಾರತದಲ್ಲಿ ಹತ್ತು ಭಾಷೆ ಮಾತಾಡಿತು, ಅದರಲ್ಲಿ ಕನ್ನಡವೂ ಒಂದು. ೨೦೨೫ರ ಜುಲೈನಲ್ಲಿ ‘ಮಹಾವತಾರ ನರಸಿಂಹ’ ಕನ್ನಡದಲ್ಲೂ ಬಂದು ಚಿತ್ರಮಂದಿರ ತುಂಬಿತು. ಅಂದರೆ ಬೇಲಿ ಬಿದ್ದು ಹತ್ತು ವರ್ಷವಾಯಿತು. ಕನ್ನಡದಲ್ಲಿ ಆಗುವುದಿಲ್ಲ ಎಂಬ ನೆಪವೂ ಮುಗಿಯಿತು.

ಆದರೆ ಅನಿಮೆ? ೧೯೯೦ರ ದಶಕದ ಆರಂಭದಲ್ಲಿ ಜಪಾನಿನ ಯುಗೋ ಸಾಕೋ ಮತ್ತು ನಮ್ಮ ದೇಶದ ರಾಮ್ ಮೋಹನ್ ಕೂಡಿ ಮಾಡಿದ ರಾಮಾಯಣದ ಅನಿಮೆ ಚಿತ್ರ ೨೦೨೫ರ ಜನವರಿ ೨೪ರಂದು ಭಾರತದಲ್ಲಿ ಮತ್ತೆ ತೆರೆ ಕಂಡಿತು. ಯಾವ ಭಾಷೆಗಳಲ್ಲಿ? ಇಂಗ್ಲಿಷ್, ಹಿಂದಿ, ತಮಿಳು, ತೆಲುಗು! ಸಿಂಧನೂರಿನ ನೆರೆಯ ಗಂಗಾವತಿಗೆ ಹೋಗಿ. ಆನೆಗೊಂದಿಯ ಪಕ್ಕದಲ್ಲಿ ಅಂಜನಾದ್ರಿ ಬೆಟ್ಟ ನಿಂತಿದೆ. ಹನುಮ ಹುಟ್ಟಿದ ಕಿಷ್ಕಿಂಧೆ ಇದೇ ಎಂದು ನಾವು ಕೈಮುಗಿಯುತ್ತೇವೆ. ಆ ಹನುಮ ಬೆಳ್ಳಿತೆರೆಯ ಮೇಲೆ ನಾಲ್ಕು ಭಾಷೆ ಮಾತಾಡಿದ. ಕನ್ನಡ ಮಾತಾಡಲಿಲ್ಲ. ಹನುಮನ ಊರಿನ ಮಕ್ಕಳಿಗೆ ಹನುಮನ ಮಾತು ತಿಳಿಯಲು ಪರಭಾಷೆ ಬೇಕು!

ಅದೇ ವರ್ಷ ಸೆಪ್ಟೆಂಬರ್ ೧೨ರಂದು ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಬಂತು. ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಮತ್ತೆ ಕನ್ನಡಕ್ಕೆ ಬಾಗಿಲು ಬಂದ್. ೨೦೧೧ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯವರು ನಾಲ್ಕು ಕೋಟಿ ಮೂವತ್ತು ಲಕ್ಷಕ್ಕೂ ಹೆಚ್ಚು. ನಾಲ್ಕು ಕೋಟಿ ಜನರ ಭಾಷೆ ಕಂಪನಿಯವರ ಲೆಕ್ಕದ ಪುಸ್ತಕದಲ್ಲಿ ಇಲ್ಲ!

ತಮಿಳರನ್ನು, ತೆಲುಗರನ್ನು ಬೈಯಬೇಡಿ. ಜವಳಗೇರಾದ ಕ್ಯಾಂಪಿನ ತೆಲುಗು ಹುಡುಗ ನಿಮ್ಮ ಶತ್ರು ಅಲ್ಲ. ಅವರ ಜನ ತಮ್ಮ ಭಾಷೆಯಲ್ಲೇ ನೋಡುತ್ತಾರೆ, ತಮ್ಮ ಭಾಷೆಯಲ್ಲೇ ಕೇಳುತ್ತಾರೆ, ಹಾಗಾಗಿ ಅವರಿಗೆ ಸಿಕ್ಕಿತು. ನಾವು? ೨೦೨೨ರ ಮಾರ್ಚ್‌ನಲ್ಲಿ ‘ಆರ್‌ಆರ್‌ಆರ್’ ಕನ್ನಡ ಆವೃತ್ತಿಗೆ ಕರ್ನಾಟಕದಲ್ಲೇ ಪ್ರದರ್ಶನ ಕಡಿಮೆ ಎಂದು ಗಲಾಟೆ ಆಯಿತಲ್ಲ, ಆಗ ನೀವು ಯಾವ ಭಾಷೆಯಲ್ಲಿ ನೋಡಿದಿರಿ ಎಂದು ಎದೆ ಮುಟ್ಟಿ ಹೇಳಿ. ಕಂಪನಿಯವನು ನಿಮ್ಮ ಭಾಷಣ ಕೇಳುವುದಿಲ್ಲ, ನಿಮ್ಮ ಟಿಕೆಟ್ ನೋಡುತ್ತಾನೆ. ನಿಮ್ಮ ವಿಡಿಯೋ ನೋಡುತ್ತಾನೆ. ಅದರಲ್ಲಿ ಕನ್ನಡ ಇಲ್ಲದಿದ್ದರೆ, ಕನ್ನಡಕ್ಕೆ ಗಿರಾಕಿ ಇಲ್ಲ ಎಂದು ಬರೆದುಕೊಂಡು ಹೋಗುತ್ತಾನೆ.

ಬೆಂಕಿ ಸಾಕು, ಬೆಳಕು ಕೊಡಿ

ಆದ್ದರಿಂದ ಕಂಪನಿ ಕೊಡುವ ತನಕ ಕಾಯಬೇಡಿ. ನಿಮ್ಮ ಕೈಯಲ್ಲಿರುವುದನ್ನು ಮೊದಲು ಮಾಡಿ. ಏನದು? ವಿಮರ್ಶೆಯನ್ನು ಕನ್ನಡದಲ್ಲಿ ಮಾಡಿ. ಸಲಹೆಯನ್ನು ಕನ್ನಡದಲ್ಲಿ ಕೊಡಿ.

ಉತ್ತರ ಕರ್ನಾಟಕದ ನಾಟಕದ ತಾಲೀಮು ನೋಡಿದ್ದೀರಾ? ಪೇಟಿ ಮಾಸ್ತರ ಹಾರ್ಮೋನಿಯಂ ಮುಂದೆ ಕುಳಿತಿರುತ್ತಾನೆ. ಪಾತ್ರಧಾರಿ ತಾಳ ತಪ್ಪಿದ ಕೂಡಲೇ ಪೇಟಿ ನಿಲ್ಲುತ್ತದೆ. ‘ಬೆಂಕಿ ಗುರು’ ಎನ್ನುವುದಿಲ್ಲ ಅವನು! ಎಲ್ಲಿ ತಪ್ಪಿತು, ಯಾಕೆ ತಪ್ಪಿತು, ಹೇಗೆ ಎತ್ತಿಕೊಳ್ಳಬೇಕು, ಮೂರನ್ನೂ ಹೇಳಿ ಮತ್ತೆ ಪೇಟಿ ಹಿಡಿಯುತ್ತಾನೆ. ಶಾಲೆಯ ಮೆಟ್ಟಿಲು ಹತ್ತದವನೂ ಹಾಗೆ ತಿದ್ದಿಸಿಕೊಂಡೇ ಕಲಾವಿದನಾದ. ವಿಮರ್ಶೆ ಎಂಬುದು ಇಂಗ್ಲಿಷಿನವರು ತಂದುಕೊಟ್ಟ ಉಡುಗೊರೆ ಅಲ್ಲ. ಅದು ನಮ್ಮ ತಾಲೀಮಿನ ಮನೆಯಲ್ಲೇ ಇತ್ತು.

ಅದೇ ಕ್ರಮ ಹಿಡಿಯಿರಿ. ಗೆಳೆಯನ ವಿಡಿಯೋ ಎರಡು ಸಲ ನೋಡಿ. ಮೊದಲ ಸಲ ಸುಮ್ಮನೆ ನೋಡಿ, ಎಲ್ಲಿ ಬೇಸರ ಬಂತು ಎಂದು ಗುರುತಿಟ್ಟುಕೊಳ್ಳಿ. ಎರಡನೆಯ ಸಲ ನಿಲ್ಲಿಸಿ ನಿಲ್ಲಿಸಿ ನೋಡಿ. ಆಮೇಲೆ ನಾಲ್ಕು ವಿಷಯ ಹೇಳಿ: ಯಾವುದು ಚೆನ್ನಾಗಿದೆ, ಎಷ್ಟನೆಯ ಸೆಕೆಂಡಿನಲ್ಲಿ ಕೆಟ್ಟಿದೆ, ಯಾಕೆ ಕೆಟ್ಟಿತು, ಏನು ಮಾಡಿದರೆ ಸರಿಹೋಗುತ್ತದೆ. ಸೆಕೆಂಡ್ ಹೇಳದ ವಿಮರ್ಶೆ ವಿಳಾಸವಿಲ್ಲದ ಕಾಗದ. ದಾರಿ ಹೇಳದ ವಿಮರ್ಶೆ ಬರೀ ಬೈಗುಳ.

ಹೀಗೆ ಹೇಳಿ ನೋಡಿ: “ಅಣ್ಣಾ, ಹಾಡು, ಚಿತ್ರ ಚೊಲೊ ಕೂಡ್ಯಾವ. ಆದ್ರ ೪೨ನೇ ಸೆಕೆಂಡಿನ್ಯಾಗ ಆ ಹುಡುಗಿ ಬಾಯಿ ಆಡಸ್ತಾಳ, ಹಾಡಿನ್ಯಾಗ ಆವಾಗ ಮಾತೇ ಇಲ್ಲ. ನೋಡೋರ ಕಣ್ಣು ಅಲ್ಲೇ ಸಿಕ್ಕೊಂತೈತಿ. ಅಲ್ಲಿ ಆಕಿ ಕೈ ತೋರ್ಸೋ ತುಣುಕು ಹಾಕಿ ನೋಡು.” ಏನು ಕಡಿಮೆಯಾಗಿದೆ ಈ ಮಾತಿಗೆ? ಯಾವ ಇಂಗ್ಲಿಷ್ ಇದಕ್ಕಿಂತ ಚೆನ್ನಾಗಿ ಹೇಳುತ್ತದೆ?

ಇನ್ನೊಂದು ಮಾತು, ಬೆಂಗಳೂರಿನವರಿಗೆ ಒತ್ತಿ ಹೇಳುತ್ತೇವೆ. ಆ ಕಡೆಯ ಹುಡುಗ ಹೀಗೆ ಮಾತಾಡಿದರೆ ಕಿಸಕ್ಕನೆ ನಗಬೇಡಿ. ಸಿನಿಮಾದವರು ರಾಯಚೂರು ಸೀಮೆಯ ಕನ್ನಡವನ್ನು ಹಾಸ್ಯಪಾತ್ರಕ್ಕೆ ಮಾತ್ರ ಇಟ್ಟರು. ನೀವೂ ಅದನ್ನೇ ಮಾಡಿದರೆ ಆ ಹುಡುಗ ಎರಡನೆಯ ಸಲ ಕನ್ನಡದಲ್ಲಿ ಬಾಯಿ ತೆರೆಯುವುದಿಲ್ಲ. ಹಿಂದಿಗೆ ದಬ್ಬಿದವರು ಆಗಲೂ ನೀವೇ.

ಇಗೋ, ಕನ್ನಡದಲ್ಲಿ ಸಲಹೆ

ಕನ್ನಡದಲ್ಲಿ ಇದನ್ನೆಲ್ಲ ಹೇಳಲಾಗುವುದಿಲ್ಲ ಎನ್ನುವ ಮಹಾನುಭಾವರಿದ್ದಾರೆ. ಅವರಿಗಾಗಿ ಇಲ್ಲೇ ಹೇಳಿ ತೋರಿಸುತ್ತೇವೆ. ಓದಿ, ಕತ್ತರಿಸಿಟ್ಟುಕೊಳ್ಳಿ, ನಿಮ್ಮೂರಿನ ಹುಡುಗರಿಗೆ ಕಳಿಸಿ.

ಒಂದು: ಅನಿಮೆ ಸೆಕೆಂಡಿಗೆ ಸುಮಾರು ೨೪ ಫ್ರೇಮಿನ ಲೆಕ್ಕದಲ್ಲಿ ತಯಾರಾಗುತ್ತದೆ. ನಿಮ್ಮ ಆಪ್ ತಾನಾಗಿಯೇ ೩೦ ಇಟ್ಟುಕೊಂಡಿರುತ್ತದೆ. ಆಗ ಪ್ರತಿ ನಾಲ್ಕು ಫ್ರೇಮಿಗೆ ಒಂದು ಎರಡೆರಡು ಸಲ ಬಂದು, ಚಿತ್ರ ಅಡ್ಡಕ್ಕೆ ಸರಿಯುವಾಗ ತಡವರಿಸುತ್ತದೆ. ಕೆಲಸ ಶುರು ಮಾಡುವ ಮೊದಲೇ ೨೪ಕ್ಕೆ ಅಥವಾ ೨೩.೯೭೬ಕ್ಕೆ ಬದಲಿಸಿ.

ಎರಡು: ಹಾಡಿನ ಪೆಟ್ಟಿನ ಲೆಕ್ಕ ಸುಲಭ. ೧೪೪೦ನ್ನು ನಿಮಿಷಕ್ಕೆ ಎಷ್ಟು ಪೆಟ್ಟು ಬೀಳುತ್ತದೋ ಅದರಿಂದ ಭಾಗಿಸಿ. ೧೨೦ ಪೆಟ್ಟಿನ ಹಾಡಿಗೆ ೧೨ ಫ್ರೇಮಿಗೊಂದು ಪೆಟ್ಟು, ೯೦ರ ಹಾಡಿಗೆ ೧೬ ಫ್ರೇಮಿಗೊಂದು. ಆದರೆ ಬರೀ ಲೆಕ್ಕ ನಂಬಬೇಡಿ. ೨೩.೯೭೬ರಲ್ಲಿ ಕೆಲಸ ಮಾಡುತ್ತಾ ೨೪ರ ಲೆಕ್ಕ ಹಿಡಿದರೆ ನಾಲ್ಕು ನಿಮಿಷದ ಹಾಡಿನ ಕೊನೆಗೆ ಸುಮಾರು ಆರು ಫ್ರೇಮು ತಪ್ಪಿರುತ್ತದೆ. ಕಿವಿಯಿಂದ ಕೇಳಿ ಗುರುತು ಹಾಕಿ. ಪೆಟ್ಟಿಗಿಂತ ಒಂದು ಫ್ರೇಮು ಮೊದಲೇ ಕತ್ತರಿಸಿ ನೋಡಿ. ಕಣ್ಣಿಗೆ ಅದೇ ಸರಿ ಕಾಣುವುದುಂಟು.

ಮೂರು: ಪ್ರತಿ ಪೆಟ್ಟಿಗೂ ಕತ್ತರಿ ಆಡಿಸಬೇಡಿ. ಡೊಳ್ಳು ಬಾರಿಸುವವನು ಕೂಡ ಎಲ್ಲ ಪೆಟ್ಟನ್ನೂ ಒಂದೇ ಜೋರಿನಲ್ಲಿ ಹೊಡೆಯುವುದಿಲ್ಲ. ಪಲ್ಲವಿಗೆ ವೇಗ, ಚರಣಕ್ಕೆ ನಿಧಾನ ಎಂದು ಮೊದಲೇ ಯೋಚಿಸಿ. ಒಂದು ಮುಖವನ್ನು ನಾಲ್ಕು ಸೆಕೆಂಡ್ ನಿಲ್ಲಿಸುವ ಧೈರ್ಯ ಬೇಕು. ಆ ಧೈರ್ಯ ಇಲ್ಲದವನೇ ಮಿಂಚು, ಅದುರು, ಹೊಗೆ ಎಲ್ಲ ಸುರಿಯುತ್ತಾನೆ.

ನಾಲ್ಕು: ಅನಿಮೆಯಲ್ಲಿ ಒಂದು ಚಿತ್ರವನ್ನು ಎರಡು ಅಥವಾ ಮೂರು ಫ್ರೇಮಿನ ತನಕ ಹಿಡಿದಿರುತ್ತಾರೆ. ನೀವು ಅವಸರದಲ್ಲಿ ಕತ್ತರಿಸಿದರೆ ಹಿಂದಿನ ದೃಶ್ಯದ ಒಂದು ಫ್ರೇಮು ಅಂಟಿಕೊಂಡು ಉಳಿದು ಫಕ್ಕನೆ ಹೊಳೆಯುತ್ತದೆ. ಪ್ರತಿ ಕಡಿತದ ಹಿಂದೆ ಮುಂದೆ ಒಂದೊಂದೇ ಫ್ರೇಮು ಸರಿಸಿ ನೋಡಿ.

ಐದು: ಅಕ್ಷರ ಮೂಡಿರುವ, ಬೇರೆಯವರ ಮುದ್ರೆ ಇರುವ ದೃಶ್ಯ ಬಳಸಬೇಡಿ. ಹಳೆಯ ಚೌಕದ ಚಿತ್ರವನ್ನು ಅಗಲಕ್ಕೆ ಎಳೆದು ನಾಯಕನನ್ನು ಕುಂಬಳಕಾಯಿ ಮಾಡಬೇಡಿ. ವಾಟ್ಸಪ್ಪಿನಲ್ಲಿ ವಿಡಿಯೋ ಆಗಿ ಕಳಿಸಿದರೆ ಅದು ಹಿಂಡಿ ಹಿಪ್ಪೆಯಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ.

ಆರು: ಕನ್ನಡ ಅಕ್ಷರ. ಕೆಲವು ಆಪ್‌ಗಳಲ್ಲಿ ‘ಕನ್ನಡ’ ಎಂದು ಬರೆದರೆ ‘ಕನ್‌ನಡ’ ಎಂದು ಒತ್ತಕ್ಷರ ಒಡೆದು ಬರುತ್ತದೆ. ಅದಕ್ಕೇ ಇಂಗ್ಲಿಷಿನಲ್ಲಿ ಬರೆದೆ ಎಂದು ಕೈತೊಳೆದುಕೊಳ್ಳುವವರು ಬಹಳ. ಸೋಮಾರಿತನ! ಪ್ರೀಮಿಯರ್‌ನಲ್ಲಿ ಅಕ್ಷರದ ಸೆಟ್ಟಿಂಗ್ ಅನ್ನು ದಕ್ಷಿಣ ಏಷ್ಯಾ ಭಾಷೆಗಳಿಗೆ ಬದಲಿಸಿದರೆ ಒತ್ತು ಕೂಡುತ್ತದೆ. ಮೊಬೈಲಿನಲ್ಲಾದರೆ ಕನ್ನಡ ಸರಿಯಾಗಿ ಮೂಡುವ ಬೇರೆ ಆಪ್‌ನಲ್ಲಿ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರವಾಗಿ ಉಳಿಸಿ, ವಿಡಿಯೋ ಮೇಲೆ ಇಡಿ. ‘ಬಲೂ ತಮ್ಮ’, ‘ನೋಟೋ ಸಾನ್ಸ್ ಕನ್ನಡ’ದಂಥ ಅಕ್ಷರಗಳು ಪುಕ್ಕಟೆಯಾಗಿ ಸಿಗುತ್ತವೆ. ಕನ್ನಡ ಕೀಲಿಮಣೆ ಇಲ್ಲ ಎಂದು ಕೆ.ಪಿ. ರಾವ್ ಅತ್ತು ಕೂರಲಿಲ್ಲ, ವಿನ್ಯಾಸ ಮಾಡಿಕೊಟ್ಟರು. ನಿಮ್ಮಿಂದ ಐದು ನಿಮಿಷದ ಕೆಲಸ ಆಗುವುದಿಲ್ಲವೇ?

ನೋಡಿದಿರಲ್ಲ? ಫ್ರೇಮು ಇದೆ, ಆಪ್ ಇದೆ, ವಿಡಿಯೋ ಇದೆ. ಬಸ್ಸು, ಕಾರು ಕನ್ನಡವಾದ ಹಾಗೆ ಇವೂ ಕನ್ನಡವೇ. ಪದ ಎಲ್ಲಿಂದಲಾದರೂ ಬರಲಿ, ವಾಕ್ಯ ಕನ್ನಡದ್ದಾಗಿರಲಿ. ನಮ್ಮ ಸಿನಿಮಾ ಟೈಟಲ್ಲಿನಲ್ಲಿ ‘ಸಂಕಲನ’ ಎಂಬ ಪದ ಎಷ್ಟೋ ದಶಕಗಳಿಂದ ಬರುತ್ತಿದೆ. ನಿಮ್ಮ ವಿಡಿಯೋ ಕೊನೆಯಲ್ಲಿ ‘ಸಂಕಲನ’ ಎಂದು ಬರೆದು ಹೆಸರು ಹಾಕಲು ಅಡ್ಡಿ ಏನು?

ಹೆಸರು ಹಾಕದಿದ್ದರೆ ಗುರುತಿಲ್ಲ

ಹೆಸರಿನ ಮಾತು ಬಂತು, ಮಸ್ಕಿಯನ್ನು ನೆನೆಯಲೇಬೇಕು. ಸಿಂಧನೂರಿನ ಸನಿಹದ ಊರು. ೧೯೧೫ರಲ್ಲಿ ಅಲ್ಲಿಯ ಬಂಡೆಯ ಮೇಲೆ ಒಂದು ಶಾಸನ ಸಿಕ್ಕಿತು. ಅದಕ್ಕೂ ಮೊದಲು ದೇಶದ ಎಷ್ಟೋ ಕಡೆ ‘ದೇವಾನಾಂಪ್ರಿಯ’ ಎಂಬ ರಾಜನ ಶಾಸನಗಳು ಸಿಕ್ಕಿದ್ದವು. ಯಾರೀ ದೇವಾನಾಂಪ್ರಿಯ? ಮಸ್ಕಿಯ ಬಂಡೆ ‘ಅಶೋಕ’ ಎಂದು ಹೆಸರು ಹೇಳಿತು, ವಿದ್ವಾಂಸರ ಅನುಮಾನ ಹರಿಯಿತು! ಅಷ್ಟು ದೊಡ್ಡ ಚಕ್ರವರ್ತಿಗೂ ಗುರುತು ಸಿಕ್ಕಿದ್ದು ಹೆಸರು ಬರೆದ ಒಂದು ಬಂಡೆಯಿಂದ.

ನೀವೂ ಹೆಸರು ಬರೆಯಿರಿ. ಯಾವ ಅನಿಮೆ, ಯಾವ ಹಾಡು, ಹಾಡಿದವರು ಯಾರು, ಸಂಗೀತ ಯಾರದು, ಸಂಕಲನ ಯಾರದು, ಎಲ್ಲವೂ ಕನ್ನಡದಲ್ಲಿ. ಇದು 🡒 ಅಭಿಮಾನ ಮಾತ್ರವಲ್ಲ, ಮರ್ಯಾದೆಯೂ ಹೌದು. ಚಿತ್ರವೂ ಹಾಡೂ ಬೇರೆಯವರ ಸ್ವತ್ತು. ಪ್ರೀತಿಯಿಂದ ಮಾಡಿ, ಮಾರಿ ದುಡ್ಡು ಮಾಡಬೇಡಿ. ಹಾಡಿನ ಒಡೆಯರು ತೆಗೆ ಎಂದರೆ ತೆಗೆಯಿರಿ.

ಕನ್ನಡ ಹಾಡು ಕೂಡುವುದಿಲ್ಲ ಎನ್ನುವವರಿಗೆ

‘ಜಪಾನಿ ಚಿತ್ರಕ್ಕೆ ಕನ್ನಡ ಹಾಡು ಹಾಕಿದರೆ ಕಾಮಿಡಿ ಆಗುತ್ತೆ’ ಎನ್ನುತ್ತಾರೆ ಕೆಲವರು. ಅಮೆರಿಕದವನ ಇಂಗ್ಲಿಷ್ ಹಾಡು ಜಪಾನಿ ಯುದ್ಧಕ್ಕೆ ಕೂಡುತ್ತದೆ, ಹಂಸಲೇಖರ ಹಾಡು ಕೂಡುವುದಿಲ್ಲವೇ? ಸಿ. ಅಶ್ವತ್ಥರ ಕಂಠದಲ್ಲಿ ಶಿಶುನಾಳ ಶರೀಫರ ತತ್ವಪದ ಕೇಳಿ, ಒಂಟಿಯಾಗಿ ನಡೆಯುವ ಸಮುರಾಯ್ ಕಣ್ಣ ಮುಂದೆ ಬರುವುದಿಲ್ಲವೇ? ತಪ್ಪು ಹಾಡಿನದಲ್ಲ. ಕನ್ನಡ ಹಾಡಿನ ಲಯವನ್ನು ಕೂತು ಕೇಳುವ ತಾಳ್ಮೆ ನಿಮಗಿಲ್ಲ.

ಇದು ಹೊಸ ರೋಗವೇನಲ್ಲ. ಜವಳಗೇರಾದಿಂದ ಅದೇ ರಸ್ತೆಯಲ್ಲಿ ಮುಂದೆ ಹೋದರೆ ಮಾನ್ವಿ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿ ಒಬ್ಬ ಸಂಸ್ಕೃತ ಪಂಡಿತರಿದ್ದರು. ಕನ್ನಡದಲ್ಲಿ ಹಾಡುವ ದಾಸರನ್ನು ಅವರು ಮೊದಲು ಕೀಳಾಗಿ ಕಂಡರು ಎನ್ನುತ್ತದೆ ಪರಂಪರೆಯ ಕತೆ. ಆಮೇಲೆ ಅದೇ ಪಂಡಿತರು ಜಗನ್ನಾಥದಾಸರಾಗಿ, ಶಾಸ್ತ್ರದ ಅತಿ ಕಠಿಣ ವಿಚಾರಗಳನ್ನು ಭಾಮಿನಿ ಷಟ್ಪದಿಯ ಕನ್ನಡಕ್ಕೆ ಇಳಿಸಿ ‘ಹರಿಕಥಾಮೃತಸಾರ’ ಬರೆದರು. ದ್ವೈತ ವೇದಾಂತವನ್ನೇ ಹೊತ್ತ ಕನ್ನಡಕ್ಕೆ ನಿಮ್ಮ ಫ್ರೇಮ್ ರೇಟ್ ಭಾರವೇ?

‘ಪತ್ರಿಕೆಯವರಿಗೆ ಬೇರೆ ಕೆಲಸ ಇಲ್ಲವೇ? ಉದ್ಯೋಗ, ಗಡಿ, ನೀರು ಬಿಟ್ಟು ಕಾರ್ಟೂನಿನ ಹಿಂದೆ ಬಿದ್ದಿರಲ್ಲ’ ಎಂದು ನಮ್ಮ ಹಿರಿಯರೂ ಕೇಳಬಹುದು. ಹಿರಿಯರೇ, ಇಂದು ವಿಡಿಯೋ ಕತ್ತರಿಸುವ ಹುಡುಗನೇ ನಾಳೆ ಟಿವಿಯಲ್ಲಿ, ಸಿನಿಮಾದಲ್ಲಿ ಸಂಕಲನಕಾರ. ಅವನು ಕೆಲಸ ಕಲಿತ ಭಾಷೆಯೇ ಅವನು ಕೆಲಸ ಮಾಡುವ ಭಾಷೆ. ಉದ್ಯೋಗದಲ್ಲಿ ಕನ್ನಡ ಬೇಕು ಎಂದು ಕೂಗುವ ನಾವು, ಉದ್ಯೋಗ ಕಲಿಯುವಾಗ ಕನ್ನಡ ಬೇಡ ಎಂದರೆ ಹೇಗೆ?

ಮಾಡಬೇಕಾದ್ದು ಇಷ್ಟು

ರಾಜ್ಯೋತ್ಸವಕ್ಕೆ ಲಕ್ಷಗಟ್ಟಲೆ ಸುರಿದು ಆರ್ಕೆಸ್ಟ್ರಾ ಕರೆಸುವ ಸಂಘಗಳೇ, ಬರುವ ನವೆಂಬರ್‌ನಲ್ಲಿ ಒಂದು ಸಂಜೆ ಬಿಟ್ಟುಕೊಡಿ. ಒಂದು ಪರದೆ ಕಟ್ಟಿ. ಊರಿನ ಹುಡುಗ ಹುಡುಗಿಯರು ಮಾಡಿದ ಹತ್ತು ವಿಡಿಯೋ ತೋರಿಸಿ. ಪ್ರತಿಯೊಂದರ ಬಗ್ಗೆಯೂ ಹತ್ತು ನಿಮಿಷ ಕನ್ನಡದಲ್ಲಿ ಮಾತಾಡಿಸಿ; ಹೊಗಳಿಕೆ ಒಂದು ಪಾಲು, ತಿದ್ದುಪಡಿ ಮೂರು ಪಾಲು. ಸಿಂಧನೂರಿನಲ್ಲೂ ಮಾಡಿ, ಸುತ್ತಲ ಕ್ಯಾಂಪುಗಳ ತೆಲುಗು, ಬಂಗಾಳಿ ಮನೆಯ ಮಕ್ಕಳನ್ನೂ ಕರೆಯಿರಿ. ಕನ್ನಡ ಹೊಸ ಬಾಯಿಗೆ ಹೋಗುವುದು ಬೆದರಿಕೆಯಿಂದಲ್ಲ, ಕೂಡಿ ಆಡುವುದರಿಂದ.

ಯುವಕರೇ, ನಿಮಗೆ ಮೂರೇ ಕೆಲಸ. ಮುಂದಿನ ವಿಡಿಯೋದ ಹೆಸರು ಕನ್ನಡದಲ್ಲಿ ಇಡಿ. ಮುಂದಿನ ಸಲಹೆಯನ್ನು ಕನ್ನಡದಲ್ಲಿ ಬರೆಯಿರಿ. ಮುಂದಿನ ಅನಿಮೆ ಚಿತ್ರ ಪ್ರಕಟವಾದ ದಿನವೇ ಕನ್ನಡ ಎಲ್ಲಿ ಎಂದು ಕಂಪನಿಯನ್ನು ಕೇಳಿ. ಕೊಟ್ಟರೆ, ದುಡ್ಡು ಕೊಟ್ಟು ಕನ್ನಡದಲ್ಲೇ ನೋಡಿ. ನೂರು ಜನ ಕೇಳಿದರೆ ಗೊಣಗಾಟ, ಲಕ್ಷ ಜನ ಕೇಳಿದರೆ ಮಾರುಕಟ್ಟೆ!

ಬೀಜ ಎಷ್ಟೇ ಒಳ್ಳೆಯದಿರಲಿ, ಗೋದಾಮಿನಲ್ಲಿ ಕೊಳೆತರೆ ಬೆಳೆ ಬರುವುದಿಲ್ಲ ಎಂದು ಜವಳಗೇರಾದ ರೈತನಿಗೆ ಗೊತ್ತು. ನಿಮಗೆ ಗೊತ್ತಿರುವ ವಿದ್ಯೆಯೂ ಬೀಜವೇ. ಬಿತ್ತಿ. ತೂಬು ತೆರೆಯಿರಿ. ನೀರು ಕೊನೆಯ ಗದ್ದೆಯ ತನಕ ಹರಿಯಲಿ.

ಕತ್ತರಿ ಹಿಡಿದ ಕೈ ಕನ್ನಡದ್ದು. ನಾಲಿಗೆಯೂ ಕನ್ನಡದ್ದೇ ಆಗಲಿ!

ಸಿರಿಗನ್ನಡಂ ಗೆಲ್ಗೆ!